‘ಮಾತು ಬರುವುದಿಲ್ಲ’ ಅಂತ ಬರೆದವರು ಯಾರು?

ಜಗಳೂರು ಕಡೆ ತಾಂಡಾದ ಯಜಮಾನರೊಬ್ಬರು ಮೊಮ್ಮಗನ ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ವಿಷಯಕ್ಕೆ ದಾವಣಗೆರೆಯ ನಮ್ಮ ಕ್ಲಿನಿಕ್ಕಿಗೆ ಬಂದಿದ್ದರು. ಕೆಲಸ ಮುಗಿದ ಮೇಲೆ ಅಂಗಿ ಜೇಬಿನಿಂದ ನಾಲ್ಕು ಮಡಿಕೆಯ ಜೆರಾಕ್ಸ್ ಒಂದನ್ನು ತೆಗೆದರು. ಚಿಕ್ಕವಳಿದ್ದಾಗ ಅವರ ಅಕ್ಕನನ್ನು ಸರ್ಕಾರಿ ಧಾಮವೊಂದಕ್ಕೆ ಬಿಟ್ಟಿದ್ದರಂತೆ, ಅಲ್ಲಿನ ರಿಜಿಸ್ಟರಿನ ಪುಟ ಅದು. ‘ಬುದ್ಧಿಮಾಂದ್ಯೆ. ಮಾತು ಬರುವುದಿಲ್ಲ.’ ಕೆಳಗೆ ಅಪ್ಪನ ಎಡಗೈ ಹೆಬ್ಬೆಟ್ಟು.

‘ಸುಳ್ಳು ಸರ್ ಇದು. ನಮ್ಮಕ್ಕ ಮಾತಾಡ್ತಿದ್ಲು, ಲಂಬಾಣಿಲಿ.’

ಗುಮಾಸ್ತರು ಕನ್ನಡದಲ್ಲಿ ಕೇಳಿರಬೇಕು, ಹುಡುಗಿ ಹೆದರಿ ಸುಮ್ನೆ ನಿಂತಿರಬೇಕು. ಆ ಎರಡು ನಿಮಿಷ ಕಾಗದದ ಮೇಲೆ ಜೀವನಪೂರ್ತಿ ಉಳಿಯಿತು. ಮೊಳಕಾಲ್ಮೂರು ಕಡೆಯ ತೆಲುಗು ಮನೆಯ ಮಕ್ಕಳಿಗೂ ಹೀಗೇ ಆಗಿರಬಹುದು, ಅಲ್ವಾ?

ಇಂಥ ಕಾಗದ ಹುಡುಕುವವರಿಗೆ ಮೊದಲು ಕಷ್ಟ ಕೊಡುವುದು ಜಿಲ್ಲೆ. ದಾವಣಗೆರೆ ಜಿಲ್ಲೆಯಾಗಿದ್ದೇ 1997ರಲ್ಲಿ. ಅದಕ್ಕೂ ಹಿಂದಿನದಾದರೆ ಜಗಳೂರು, ಹರಿಹರದವರು ಚಿತ್ರದುರ್ಗದಲ್ಲಿ ಕೇಳಬೇಕು, ಚನ್ನಗಿರಿ, ಹೊನ್ನಾಳಿಯವರು ಶಿವಮೊಗ್ಗದಲ್ಲಿ. ಹರಪನಹಳ್ಳಿಯದು ಬಳ್ಳಾರಿ, 1953ಕ್ಕೂ ಹಿಂದಿನದಾದರೆ ಮದ್ರಾಸ್ ಕಾಲದ ಕಡತ. ಕಾಗದದ ತಲೆಯಲ್ಲಿ ‘ಮೈಸೂರು ಸರ್ಕಾರ’ ಅಂತ ಅಚ್ಚಾಗಿದ್ದರೆ 1973ಕ್ಕೆ ಮುಂಚಿನದು ಅಂದುಕೊಳ್ಳಬೇಡಿ. ಹಳೇ ಫಾರಂ ಖಾಲಿಯಾಗದೆ ಹೊಸದನ್ನು ತೆಗೆಯುವ ಕಚೇರಿ ಯಾವುದು ಹೇಳಿ!

ಆಮೇಲೆ ಪದಗಳು. 1912ರ ಕಾನೂನು ಬುದ್ಧಿ ಬೆಳೆಯದವರನ್ನೂ ಮಾನಸಿಕ ರೋಗಿಗಳನ್ನೂ ‘ಲುನಾಟಿಕ್’, ಅಂದರೆ ಹುಚ್ಚರು, ಅನ್ನುವ ಒಂದೇ ಪದದಡಿ ತಂದಿತ್ತು, ಬೇರೆ ಮಾಡಿದ್ದು 1987ರ ಮಾನಸಿಕ ಆರೋಗ್ಯ ಕಾಯ್ದೆ. ಅದಕ್ಕೇ ಧಾಮದಲ್ಲಿ ಹೆಸರು ಸಿಗದಿದ್ದರೆ ಮಾನಸಿಕ ಆಸ್ಪತ್ರೆಯ ಪುಸ್ತಕವನ್ನೂ ನೋಡಿಸಿ. ‘ಈಡಿಯಟ್’, ‘ಇಂಬೆಸಿಲ್’ ಅಂತ ಕಂಡರೆ ರಕ್ತ ಕುದಿಯುತ್ತದೆ, ನಿಜ, ಆದರೆ ಆಗ ಅವು ಬುದ್ಧಿಮಾಂದ್ಯದ ಮಟ್ಟ ಹೇಳಲು ಡಾಕ್ಟರುಗಳು ಬಳಸುತ್ತಿದ್ದ ಪದ.

ನಾನು ಜಾಸ್ತಿ ನಂಬುವುದು ತೂಕದ ಕಾಲಂ. ಷರಾದಲ್ಲಿ ‘ಆರೋಗ್ಯವಾಗಿದ್ದಾಳೆ’ ಅಂತ ಬರೆದು, ತಿಂಗಳಿಗೆ ಒಂದೊಂದು ಕಿಲೋ ಇಳಿಯುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಬುದ್ಧಿಮಾಂದ್ಯ ಮಕ್ಕಳ ಫರ್ನಾಲ್ಡ್ ಶಾಲೆ ಅಂತ ಇತ್ತು, 1848ರದ್ದು. 1940, 50ರ ದಶಕಗಳಲ್ಲಿ ‘ಸೈನ್ಸ್ ಕ್ಲಬ್’ ಅಂತ ಪುಸಲಾಯಿಸಿ ಅಲ್ಲಿನ ಹುಡುಗರಿಗೆ ವಿಕಿರಣದ ವಸ್ತು ಬೆರೆಸಿದ ಗಂಜಿ ಕುಡಿಸಿದ್ದರು. ಅದು ಬಯಲಾಗಿದ್ದು 1993ರಲ್ಲಿ, ಹಳೇ ಕಾಗದಗಳಿಂದ. ಕಾಗದಗಳನ್ನೆಲ್ಲ ಗೆದ್ದಲು ತಿಂದಿದ್ದರೆ?

ಹೆಸರು ನಂಬಬೇಡಿ, ತಾಂಡಾದ ಹೆಸರನ್ನು ಗುಮಾಸ್ತರು ಬಾಯಿಗೆ ಬಂದಂತೆ ಬರೆದಿರುತ್ತಾರೆ. ಗುರುತಿನ ಕಾಲಂ ನೋಡಿ. ಈ ಪುಟದಲ್ಲಿ ‘ಬಲ ಮೊಣಕೈ ಮೇಲೆ ಸುಟ್ಟ ಕಲೆ’ ಅಂತಿತ್ತು.

‘ರೊಟ್ಟಿ ಹೆಂಚು ತಾಗಿದ್ದು’ ಅಂದರು ಯಜಮಾನರು.

ಅಲ್ಲೇ ಕೂತು ಮಾಹಿತಿ ಹಕ್ಕಿನ ಅರ್ಜಿ ಬರೆದೆವು. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಬೇರೆಯವರ ಖಾಸಗಿ ವಿವರ ಅಂತ ತಳ್ಳಿಹಾಕದಿರಲಿ ಅಂತ ವಂಶವೃಕ್ಷದ ನಕಲನ್ನೂ ಲಗತ್ತಿಸಿದೆವು. ಕೇಳಿದ್ದು ಇಷ್ಟೇ: ತೂಕದ ಪುಟಗಳು, ಮತ್ತೆ ಕೊನೆಯ ಷರಾ.