ಗ್ಲೀಸನ್ ಅಂಕ: ಆರು ಎಂದರೆ ಎಷ್ಟು?

ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್‌ನ ಬಯಾಪ್ಸಿ (ಸೂಜಿಯಿಂದ ತುಣುಕು ತೆಗೆದು ಮಾಡುವ ಪರೀಕ್ಷೆ) ವರದಿ ಕೈಗೆ ಬಂದಾಗ ರೋಗಿಯ ಕಣ್ಣು ಹೋಗಿ ನಿಲ್ಲುವುದು ‘ಗ್ಲೀಸನ್ ಅಂಕ 3+3=6’ ಎಂಬಂಥ ಒಂದು ಸಾಲಿನ ಮೇಲೆ. ಹತ್ತಕ್ಕೆ ಆರು ಎಂದಾಕ್ಷಣ ಕಾಯಿಲೆ ಅರ್ಧಕ್ಕಿಂತ ಹೆಚ್ಚು ಬಲಿತಿದೆ ಎಂದು ಎದೆ ಧಸಕ್ಕೆನ್ನುವುದು ಸಹಜ. ಆದರೆ ಇಂದಿನ ಬಯಾಪ್ಸಿ ವರದಿಗಳಲ್ಲಿ ಆರೇ ಅತ್ಯಂತ ಕೆಳಗಿನ ಮೆಟ್ಟಿಲು. ಇಷ್ಟನ್ನು ರೋಗಿಗೆ ಮೊದಲೇ ತಿಳಿಸಿದರೆ ಎಷ್ಟೋ ಆತಂಕ ತಪ್ಪುತ್ತದೆ.

ಕ್ಯಾನ್ಸರ್ ಕೋಶಗಳ ಜೋಡಣೆಯು ಸಹಜ ಗ್ರಂಥಿಯ ರಚನೆಯಿಂದ ಎಷ್ಟು ದೂರ ಸರಿದಿದೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ನೀಡುವ ಅಂಕವಿದು. ಅಮೆರಿಕದ ಮಿನಿಯಾಪೊಲಿಸ್‌ನ ರೋಗಶಾಸ್ತ್ರಜ್ಞ ಡೊನಾಲ್ಡ್ ಗ್ಲೀಸನ್ 1966ರಲ್ಲಿ ಇದನ್ನು ಮುಂದಿಟ್ಟರು. ಒಂಟಿ ಕೋಶದ ರೂಪಕ್ಕಿಂತ ಕೋಶಗಳೆಲ್ಲ ಸೇರಿ ಕಟ್ಟಿಕೊಳ್ಳುವ ವಿನ್ಯಾಸಕ್ಕೆ ಅವರು ಬೆಲೆ ಕೊಟ್ಟು, ಅದನ್ನು 1ರಿಂದ 5ರವರೆಗೆ ವಿಂಗಡಿಸಿದರು. ಮೊದಲ ಎರಡು ವಿನ್ಯಾಸಗಳನ್ನು ಈಗ ಬಯಾಪ್ಸಿಯಲ್ಲಿ ಬಳಸುವುದಿಲ್ಲವೆಂದೇ ಹೇಳಬಹುದು. ಮೂರನೆಯದರಲ್ಲಿ ಪ್ರಾಸ್ಟೇಟ್ ಒಳಗಿನ ಸಣ್ಣ ಸಣ್ಣ ಗ್ರಂಥಿಗಳು ಇನ್ನೂ ಬಿಡಿಬಿಡಿಯಾಗಿ, ತಮ್ಮ ದುಂಡನೆಯ ಅಂಚು ಉಳಿಸಿಕೊಂಡಿರುತ್ತವೆ. ನಾಲ್ಕನೆಯದರಲ್ಲಿ ಅವು ಒಂದಕ್ಕೊಂದು ಬೆಸೆದುಕೊಂಡು, ಕೆಲವೆಡೆ ಜರಡಿಯಂತೆ ತೂತುತೂತಾಗಿ ಕಾಣುತ್ತವೆ. ಐದನೆಯದರಲ್ಲಿ ಗ್ರಂಥಿಯ ಆಕಾರವೇ ಅಳಿದು, ಕೋಶಗಳು ಹಾಳೆಯಂತೆ ಹಬ್ಬಿರುತ್ತವೆ ಅಥವಾ ಒಂದೊಂದಾಗಿ ಚದುರಿರುತ್ತವೆ.

ಬಯಾಪ್ಸಿಯಲ್ಲಿ ಹೆಚ್ಚು ಜಾಗ ಆವರಿಸಿರುವ ವಿನ್ಯಾಸದ ಅಂಕಿ ಮೊದಲು ಬರುತ್ತದೆ. ಉಳಿದವುಗಳಲ್ಲಿ ಅತಿ ತೀವ್ರವಾದುದರ ಅಂಕಿ ಎರಡನೆಯದಾಗುತ್ತದೆ. ಎಲ್ಲ ಕಡೆ ಒಂದೇ ವಿನ್ಯಾಸವಿದ್ದರೆ ಅದನ್ನೇ ಎರಡು ಸಲ ಬರೆಯುತ್ತಾರೆ. ಆದ್ದರಿಂದ ಮೊತ್ತಕ್ಕಿಂತ ಅದರ ಹಿಂದಿನ ಎರಡು ಅಂಕಿಗಳನ್ನು ಓದಬೇಕು. 3+4 ಮತ್ತು 4+3 ಎರಡೂ ಏಳೇ ಆದರೂ, ಎರಡನೆಯದರಲ್ಲಿ ತೀವ್ರ ವಿನ್ಯಾಸವೇ ಮೇಲುಗೈ ಪಡೆದಿರುವುದರಿಂದ ಅದರ ಅಪಾಯ ಹೆಚ್ಚು. ಈ ಗೊಂದಲ ನಿವಾರಿಸಲೆಂದೇ 2014ರಲ್ಲಿ ರೋಗಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಮಾಲೋಚನೆಯಲ್ಲಿ ಐದು ಶ್ರೇಣಿ ಗುಂಪುಗಳನ್ನು ಒಪ್ಪಿಕೊಳ್ಳಲಾಯಿತು: ಆರು ಅಂಕ ಒಂದನೆಯ ಗುಂಪು, 3+4 ಎರಡನೆಯದು, 4+3 ಮೂರನೆಯದು, ಎಂಟು ನಾಲ್ಕನೆಯದು, ಒಂಬತ್ತು ಮತ್ತು ಹತ್ತು ಐದನೆಯದು.

ಪ್ರಾಸ್ಟೇಟ್ ಸ್ರವಿಸುವ ಒಂದು ಪ್ರೋಟೀನನ್ನು ರಕ್ತದಲ್ಲಿ ಅಳೆಯುವ ಪಿಎಸ್‌ಎ ಪರೀಕ್ಷೆಗೂ ಈ ಅಂಕಕ್ಕೂ ವ್ಯತ್ಯಾಸವಿದೆ. ವಯಸ್ಸಿನೊಂದಿಗೆ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡರೂ, ಸೋಂಕು ತಗುಲಿದರೂ ಪಿಎಸ್‌ಎ ಏರಬಹುದು. ಅದು ಶಂಕೆಯನ್ನಷ್ಟೇ ಹುಟ್ಟಿಸುತ್ತದೆ. ಕ್ಯಾನ್ಸರ್ ಇದೆಯೇ, ಇದ್ದರೆ ಅದರ ಸ್ವಭಾವವೇನು ಎಂಬುದು ಬಯಾಪ್ಸಿಯಿಂದಲೇ ಖಚಿತವಾಗಬೇಕು. ರೋಗ ಎಲ್ಲಿಯವರೆಗೆ ಹರಡಿದೆ ಎಂಬ ಹಂತದ ಲೆಕ್ಕ ಮತ್ತೆ ಬೇರೆ.

ಚಿಕಿತ್ಸೆಯ ನಿರ್ಧಾರಕ್ಕೆ ಈ ಮೂರನ್ನೂ ಕೂಡಿಸಿ ನೋಡುತ್ತಾರೆ. ಅಂಕ ಆರೇ ಇದ್ದು, ಪಿಎಸ್‌ಎ ಕಡಿಮೆಯಿದ್ದು, ರೋಗ ಗ್ರಂಥಿಯೊಳಗೇ ಇದ್ದರೆ ಅನೇಕರಿಗೆ ತಕ್ಷಣ ಶಸ್ತ್ರಚಿಕಿತ್ಸೆಯಾಗಲಿ ವಿಕಿರಣವಾಗಲಿ ಬೇಕಾಗುವುದಿಲ್ಲ. ನಿಯಮಿತವಾಗಿ ಪಿಎಸ್‌ಎ, ಎಂಆರ್‌ಐ ಮತ್ತು ಮರುಬಯಾಪ್ಸಿ ಮಾಡುತ್ತಾ ಸಕ್ರಿಯ ನಿಗಾ ಇಡಲಾಗುತ್ತದೆ. ಇದನ್ನು ವೈದ್ಯರು ಕೈಚೆಲ್ಲಿದ್ದಾರೆಂದು ಮನೆಯವರು ಭಾವಿಸುವುದುಂಟು, ಅದು ಸರಿಯಲ್ಲ. ಮೂತ್ರ ಸೋರಿಕೆ, ಲೈಂಗಿಕ ತೊಂದರೆಗಳಂಥ ದುಷ್ಪರಿಣಾಮಗಳನ್ನು ಅಗತ್ಯವಿಲ್ಲದೆ ದೇಹದ ಮೇಲೆ ಹೇರದಿರುವುದೂ ಚಿಕಿತ್ಸೆಯೇ. ಅಂಕ ಎಂಟಕ್ಕೆ ಏರಿದಾಗ ಮಾತು ಬದಲಾಗುತ್ತದೆ. ಆಗ ಶಸ್ತ್ರಚಿಕಿತ್ಸೆ, ಅಥವಾ ವಿಕಿರಣದ ಜೊತೆಗೆ ಹಾರ್ಮೋನ್ ಚಿಕಿತ್ಸೆ ಮುಂದೆ ಬರುತ್ತವೆ.

ಬಯಾಪ್ಸಿಯ ಸೂಜಿ ಸಾಮಾನ್ಯವಾಗಿ ಹತ್ತು ಹನ್ನೆರಡು ಕಡೆ ಎಳೆಯಷ್ಟು ತೆಳುವಾದ ತುಣುಕುಗಳನ್ನು ತೆಗೆಯುತ್ತದೆಯೇ ಹೊರತು ಇಡೀ ಗ್ರಂಥಿಯನ್ನು ನೋಡುವುದಿಲ್ಲ. ಹೀಗಾಗಿ ಗ್ರಂಥಿಯನ್ನು ತೆಗೆದ ಮೇಲೆ ಅಂಕ ಏರಬಹುದು, ಕೆಲವೊಮ್ಮೆ ಇಳಿಯಲೂಬಹುದು. ಹಾರ್ಮೋನ್ ಅಥವಾ ವಿಕಿರಣ ಚಿಕಿತ್ಸೆ ಪಡೆದ ಗ್ರಂಥಿಯಲ್ಲಂತೂ ಕೋಶಗಳ ರೂಪವೇ ಬದಲಾಗುವುದರಿಂದ, ಚಿಕಿತ್ಸೆಯ ಪ್ರಭಾವ ಎದ್ದು ಕಾಣುವಲ್ಲಿ ರೋಗಶಾಸ್ತ್ರಜ್ಞರು ಗ್ಲೀಸನ್ ಅಂಕವನ್ನು ಕೊಡುವುದಿಲ್ಲ.