ಮೆಗಾವ್ಯಾಟ್‌ಗೆ ‘ದಿನಕ್ಕೆ’ ಅಂಟುವುದಿಲ್ಲ

ಡೇಟಾ ಸೆಂಟರ್ ಹೂಡಿಕೆಯ ಸುದ್ದಿಗಳಲ್ಲಿ ‘ದಿನಕ್ಕೆ 100 ಮೆಗಾವ್ಯಾಟ್ ವಿದ್ಯುತ್ ಬಳಸುವ ಕೇಂದ್ರ’ ಎಂಬ ಒಕ್ಕಣೆಯನ್ನು ಈ ವಾರ ಮೂರನೆಯ ಬಾರಿ ಓದಿದೆ. ಬೇರೆಡೆಯವರು ಬರೆದಿದ್ದರೆ ಸುಮ್ಮನಿರಬಹುದಿತ್ತು. ಶಕ್ತಿನಗರದ 1,720 ಮೆಗಾವ್ಯಾಟ್ ಸಾಮರ್ಥ್ಯದ ಆರ್‌ಟಿಪಿಎಸ್ (ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ) ಚಿಮಣಿಗಳನ್ನು ನೋಡುತ್ತಲೇ ಬೆಳೆದ ರಾಯಚೂರಿನವರೂ ಹೀಗೆ ಬರೆಯುವುದು ಸೋಜಿಗ.

‘ಮೆಗಾ’ ಎಂದರೆ ಇಲ್ಲಿ ಹತ್ತು ಲಕ್ಷ, ಗೋಜಲಿರುವುದು ‘ವ್ಯಾಟ್’ನಲ್ಲಿ. (ತೆರಿಗೆಯ ವ್ಯಾಟ್‌ಗೂ ಇದಕ್ಕೂ ನೆಂಟಸ್ತನವಿಲ್ಲ.) ಸ್ಕಾಟ್ಲೆಂಡಿನ ಜೇಮ್ಸ್ ವ್ಯಾಟ್ ತನ್ನ ಉಗಿಯಂತ್ರದ ಕಸುವನ್ನು ಕೊಳ್ಳುವವರಿಗೆ ಮನಗಾಣಿಸಲು, ನಿಗದಿತ ಹೊತ್ತಿನಲ್ಲಿ ಕುದುರೆ ಮಾಡುವ ಕೆಲಸಕ್ಕೆ ಅದನ್ನು ಹೋಲಿಸಿದ; ನಮ್ಮ ಪಂಪ್‌ಸೆಟ್‌ಗಳ ಎಚ್‌ಪಿ (ಹಾರ್ಸ್‌ಪವರ್, ಅಶ್ವಶಕ್ತಿ) ಬಂದದ್ದು ಅಲ್ಲಿಂದ. ಮುಂದೆ, 1882ರಲ್ಲಿ ಎಂಜಿನಿಯರ್ ವಿಲಿಯಂ ಸೀಮೆನ್ಸ್ ಮುಂದಿಟ್ಟ ಸಲಹೆಯ ಫಲವಾಗಿ ಜೇಮ್ಸ್ ವ್ಯಾಟ್‌ನ ಹೆಸರೇ ಒಂದು ಮಾನವಾಯಿತು. ಒಂದು ಎಚ್‌ಪಿ ಎಂದರೆ ಸುಮಾರು 746 ವ್ಯಾಟ್. ಎರಡೂ ಕೆಲಸ ನಡೆಯುವ ವೇಗವನ್ನು ಅಳೆಯುತ್ತವೆ, ಕಾಲವು ಆ ಅಳತೆಯೊಳಗೇ ಅಡಗಿರುತ್ತದೆ. ‘ದಿನಕ್ಕೆ ಐದು ಎಚ್‌ಪಿ ಪಂಪು’ ಎಂದು ಸಿಂಧನೂರಿನ ರೈತರು ಎಂದಾದರೂ ಹೇಳುತ್ತಾರೆಯೇ? ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿದವರಿಗಂತೂ ಕ್ಯುಸೆಕ್ ಹರಿವಿನ ಲೆಕ್ಕವೆಂಬುದೂ ಟಿಎಂಸಿ ಸಂಗ್ರಹದ ಲೆಕ್ಕವೆಂಬುದೂ ಬಾಯಿಪಾಠ: 11,574 ಕ್ಯುಸೆಕ್ ನೀರು ಒಂದು ಹಗಲು, ಒಂದು ರಾತ್ರಿ ಎಡೆಬಿಡದೆ ಹರಿದರೆ ಒಂದು ಟಿಎಂಸಿ. ಮೆಗಾವ್ಯಾಟ್ ಕ್ಯುಸೆಕ್‌ನ ಜಾತಿಯದು, ಮೀಟರಿನ ಯೂನಿಟ್ ಟಿಎಂಸಿಯ ಜಾತಿಯದು.

ದಿನದ ಲೆಕ್ಕವೇ ಬೇಕೆನ್ನುವವರು ಯೂನಿಟ್‌ನಲ್ಲಿ ಬರೆಯಲಿ; ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ಎಡೆಬಿಡದೆ ಒಟ್ಟು 100 ಮೆಗಾವ್ಯಾಟ್ ಎಳೆಯುವ ಕೇಂದ್ರವು ಗಂಟೆಗೆ 1 ಲಕ್ಷ, ದಿನಕ್ಕೆ 24 ಲಕ್ಷ ಯೂನಿಟ್ ಬಳಸುತ್ತದೆ. ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ತಿಂಗಳ ಮಿತಿ 200 ಯೂನಿಟ್ ಆದ್ದರಿಂದ, 12,000 ಮನೆಗಳ ಒಂದು ತಿಂಗಳ ಮಿತಿ ಅಲ್ಲಿ ಒಂದೇ ದಿನಕ್ಕೆ ತೀರುತ್ತದೆ.

ಹೂಡಿಕೆದಾರರು ಕಟ್ಟಡದ ಚದರಡಿಯನ್ನು ಬಿಟ್ಟು ಮೆಗಾವ್ಯಾಟ್ ಹಿಡಿದಿರುವುದಕ್ಕೆ ಕಾರಣವಿದೆ: ಎಷ್ಟು ಸರ್ವರ್ ನಡೆಸಬಹುದು, ಎಷ್ಟು ಜನರೇಟರ್ ಮತ್ತು ಚಿಲ್ಲರ್ (ತಂಪಾಗಿಸುವ ಯಂತ್ರ) ಬೇಕು ಎಂಬುದನ್ನೆಲ್ಲ ವಿದ್ಯುತ್ತೇ ತೀರ್ಮಾನಿಸುತ್ತದೆ. 2025ರ ಅಕ್ಟೋಬರ್‌ನಲ್ಲಿ ವಿಶಾಖಪಟ್ಟಣಕ್ಕೆ ಗೂಗಲ್ ಐದು ವರ್ಷಗಳ ಅವಧಿಗೆ 1,500 ಕೋಟಿ ಡಾಲರ್ ಹೂಡಿಕೆ ಘೋಷಿಸಿದಾಗಲೂ ಮಾತು ಗಿಗಾವ್ಯಾಟ್‌ನಲ್ಲೇ, ಅಂದರೆ ಸಾವಿರ ಮೆಗಾವ್ಯಾಟ್‌ಗಳ ಲೆಕ್ಕದಲ್ಲೇ ನಡೆಯಿತು.

ಇನ್ನೊಂದು ಎಡವಟ್ಟೂ ಇದೆ. ಉದ್ಯಮದವರು ಹೇಳುವ ಮೆಗಾವ್ಯಾಟ್ ಸಾಮಾನ್ಯವಾಗಿ ಸರ್ವರ್‌ಗಳ ಹೊರೆಯದು, ತಂಪಾಗಿಸುವ ಯಂತ್ರಗಳ ಬಳಕೆ ಅದರಾಚೆಗಿನದು. ಒಟ್ಟು ಬಳಕೆಯನ್ನು ಸರ್ವರ್‌ಗಳ ಬಳಕೆಯಿಂದ ಭಾಗಿಸಿದರೆ ಸಿಗುವ ಪಿಯುಇ 1.5 ಇದ್ದರೆ, ‘100 ಮೆಗಾವ್ಯಾಟ್’ ಎನ್ನಿಸಿಕೊಂಡ ಕೇಂದ್ರವು ಗ್ರಿಡ್‌ನಿಂದ ಎಳೆಯುವುದು 150 ಮೆಗಾವ್ಯಾಟ್.