"ಧೈರ್ಯವಾಗಿರಿ" ಅನ್ನುವ ಮೊದಲು

ಕ್ಯಾನ್ಸರಿಗೆ ಕೀಮೋ ಚಿಕಿತ್ಸೆ ಶುರುವಾದ ಮೇಲೆ ರೋಗಿಯ ಪಕ್ಕ ಜಾಸ್ತಿ ಹೊತ್ತು ಇರುವವರು ಡಾಕ್ಟರ್ ಅಲ್ಲ, ನರ್ಸ್. ಡಾಕ್ಟರ್ ರಿಪೋರ್ಟ್ ನೋಡಿ, ಔಷಧಿ ಬರೆದು ಮುಂದಿನ ರೋಗಿಯ ಹತ್ತಿರ ಹೋಗಿರುತ್ತಾರೆ. ನರ ಹುಡುಕುವುದು, ಸೂಜಿ ಚುಚ್ಚುವುದು, ಡ್ರಿಪ್ ಗಮನಿಸುವುದು, ವಾಂತಿ ಬಂದರೆ ನೋಡಿಕೊಳ್ಳುವುದು ಎಲ್ಲ ನರ್ಸ್ ಕೆಲಸ. ಡಾಕ್ಟರ್ ಎದುರು ಬಾಯಿಗೆ ಬಾರದ ಪ್ರಶ್ನೆಗಳು ಹೊರಬರುವುದೂ ಇದೇ ಹೊತ್ತಿನಲ್ಲಿ. ನರ್ಸ್ ಡ್ರಿಪ್ಪಿನ ವೇಗ ಸರಿಮಾಡುತ್ತಿರುವಾಗ ರೋಗಿ ಬೇರೆಲ್ಲೋ ನೋಡುತ್ತಾ ಕೇಳುತ್ತಾರೆ: "ಇಷ್ಟೆಲ್ಲ ಮಾಡಿಸ್ಕೊಂಡು ಉಪಯೋಗ ಇದೆಯಾ ಸಿಸ್ಟರ್?"

ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: "ಹಾಗೆಲ್ಲ ಯೋಚನೆ ಮಾಡಬೇಡಿ. ಧೈರ್ಯವಾಗಿರಿ. ಎಲ್ಲ ಸರಿಹೋಗುತ್ತೆ." ಒಳ್ಳೆಯ ಮನಸ್ಸಿನಿಂದಲೇ ಬಂದ ಮಾತು ಇದು. ಆದರೆ ಇದಾದ ಮೇಲೆ ರೋಗಿಗೆ ಹೇಳಲು ಏನು ಉಳಿಯಿತು? "ಹೂಂ" ಅಂದು ಸುಮ್ಮನಾಗುತ್ತಾರೆ. ಅವರಿಗೆ ಕಾಡುತ್ತಿದ್ದದ್ದು ಸಾವಿನ ಭಯವೋ, ಸಾಲದ ಚಿಂತೆಯೋ, ರಾತ್ರಿಯೆಲ್ಲ ನಿದ್ದೆಗೆಡಿಸಿದ ನೋವೋ, ಯಾರಿಗೂ ಗೊತ್ತಾಗುವುದಿಲ್ಲ.

ಇಂಗ್ಲೆಂಡಿನ ಮನೋವೈದ್ಯ ಪೀಟರ್ ಮ್ಯಾಗ್ವೈರ್ ಇಂಥ ಮಾತುಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಬೇಗ ಸಮಾಧಾನ ಹೇಳಿಬಿಡುವುದು, ವಿಷಯ ಬದಲಿಸುವುದು, ತಮಾಷೆ ಮಾಡಿ ತೇಲಿಸುವುದು, ಮನಸ್ಸಿನ ಮಾತು ಬಂದಾಗ "ಊಟ ಸೇರ್ತಿದೆಯಾ?" ಅಂತ ದೇಹದ ಕಡೆಗೆ ತಿರುಗಿಸುವುದು, ಇವೆಲ್ಲ ರೋಗಿಯ ಮಾತನ್ನು ತಡೆಯುವ ಬಗೆಗಳು. ಅದೇ ದೇಶದ ಸೂಸಿ ವಿಲ್ಕಿನ್ಸನ್, ನರ್ಸುಗಳು ಕ್ಯಾನ್ಸರ್ ರೋಗಿಗಳ ಜೊತೆ ಆಡಿದ ಮಾತನ್ನು ರೆಕಾರ್ಡ್ ಮಾಡಿ ಕೇಳಿದರು. 1991ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲೂ ಹೀಗೆ ತಡೆಯುವ ಮಾತು ಧಾರಾಳವಾಗಿ ಸಿಕ್ಕಿತು. ನನಗೆ ಅದರಲ್ಲಿ ಕುತೂಹಲ ಹುಟ್ಟಿಸಿದ್ದು ಇನ್ನೊಂದು ವಿಷಯ. ನರ್ಸ್ ಹೇಗೆ ಮಾತಾಡುತ್ತಾರೆ ಅನ್ನುವುದು ಆ ವಾರ್ಡಿನ ಹಿರಿಯ ಸಿಸ್ಟರ್ ಹೇಗಿದ್ದಾರೆ ಅನ್ನುವುದರ ಮೇಲೂ ನಿಂತಿತ್ತು. ಅಂದರೆ ಇದು ಬರೀ ಸ್ವಭಾವದ ಪ್ರಶ್ನೆಯಲ್ಲ.

ನರ್ಸುಗಳು ಕಲ್ಲು ಮನಸ್ಸಿನವರು ಅಂತಲೂ ಅಲ್ಲ. 1960ರಲ್ಲಿ ಇಸಬೆಲ್ ಮೆಂಜೀಸ್ ಎಂಬ ಮನೋವಿಶ್ಲೇಷಕಿ ಲಂಡನ್ನಿನ ಒಂದು ಆಸ್ಪತ್ರೆಯ ನರ್ಸುಗಳ ಬಗ್ಗೆ ಬರೆದರು. ಅಲ್ಲಿ ರೋಗಿಯನ್ನು ಹೆಸರಿನ ಬದಲು "10ನೇ ಬೆಡ್ಡಿನ ಲಿವರ್" ಅಂತ ಕರೆಯುವ ರೂಢಿಯಿತ್ತು. ಯಾವ ನರ್ಸೂ ಒಬ್ಬ ರೋಗಿಯನ್ನು ಪೂರ್ತಿ ನೋಡಿಕೊಳ್ಳದ ಹಾಗೆ ಕೆಲಸವನ್ನು ಚೂರುಚೂರು ಹಂಚಲಾಗಿತ್ತು. ದಿನವೂ ನೋವು, ಸಾವು ನೋಡುವವರು ತಮ್ಮನ್ನು ಕಾಪಾಡಿಕೊಳ್ಳಲು ಕಟ್ಟಿಕೊಂಡ ಗೋಡೆ ಅದು ಅಂತ ಮೆಂಜೀಸ್ ವಾದ. ಆದರೆ ಆ ಗೋಡೆಯಿಂದ ನರ್ಸುಗಳ ಆತಂಕವೇನೂ ಕಡಿಮೆಯಾಗಿರಲಿಲ್ಲ. ತುಂಬ ಜನ ತರಬೇತಿಯನ್ನೇ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದರು.

ಮಾತು ತಡೆದರೆ ಆಗುವ ನಷ್ಟ ಮನಸ್ಸಿಗೆ ಮಾತ್ರ ಅಂದುಕೊಳ್ಳಬೇಡಿ. ಕೀಮೋ ಔಷಧಿಗಳಲ್ಲಿ ಕೆಲವು, ಉದಾಹರಣೆಗೆ ಕೆಂಪು ಬಣ್ಣದ ಡಾಕ್ಸೊರುಬಿಸಿನ್, ನರದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸವನ್ನೇ ಸುಟ್ಟುಬಿಡುತ್ತವೆ. ಸೋರಿಕೆಯ ಮೊದಲ ಸುಳಿವು ಎಷ್ಟೋ ಸಲ ರೋಗಿಯ ಬಾಯಿಂದಲೇ ಬರಬೇಕು: "ಯಾಕೋ ಇಲ್ಲಿ ಉರೀತಿದೆ." ಸುಮ್ನೆ ಯಾಕೆ ತೊಂದರೆ ಕೊಡುವುದು ಅಂತ ಹಲ್ಲು ಕಚ್ಚಿ ಕೂತರೆ ಕೈಗೇ ಕುತ್ತು. ಕೀಮೋ ಆಗಿ ಸುಮಾರು 7ರಿಂದ 14 ದಿನದ ಹೊತ್ತಿಗೆ ಬಿಳಿ ರಕ್ತಕಣಗಳು ತೀರಾ ಕಡಿಮೆಯಾಗುವುದು ಸಾಮಾನ್ಯ. ಆಗ 38 ಡಿಗ್ರಿ ಸೆಲ್ಸಿಯಸ್ ಜ್ವರವೂ ಪ್ರಾಣಕ್ಕೆ ಅಪಾಯ ತರಬಹುದು. ಕೂಡಲೇ ಆಸ್ಪತ್ರೆಗೆ ತಿಳಿಸಬೇಕು. ಮನೆಯಲ್ಲೇ ಪ್ಯಾರಾಸಿಟಮಾಲ್ ನುಂಗಿ ಮಲಗಿದರೆ ಜ್ವರ ಇಳಿದ ಹಾಗೆ ಕಾಣುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ.

ಇದನ್ನೆಲ್ಲ ನರ್ಸ್ ಹೇಳಿರುತ್ತಾರೆ. ಆದರೆ ಹೆದರಿದ ತಲೆಗೆ ಎಷ್ಟು ಹೋಗುತ್ತದೆ? "ಅರ್ಥ ಆಯ್ತಾ?" ಅಂದರೆ ಯಾರಾದರೂ ಆಯ್ತು ಅಂತಲೇ ಅನ್ನುತ್ತಾರೆ, ಅಲ್ವಾ. ಅದಕ್ಕೇ ಅನುಭವವಿರುವ ನರ್ಸುಗಳು ಬೇರೆ ರೀತಿ ಕೇಳುತ್ತಾರೆ. "ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನೋಡ್ಬೇಕು. ರಾತ್ರಿ ಜ್ವರ ಬಂದ್ರೆ ಏನ್ಮಾಡ್ತೀರಿ, ಹೇಳಿ?" ಈಗ ಪರೀಕ್ಷೆ ರೋಗಿಗಲ್ಲ, ಹೇಳಿದವರಿಗೆ.

ರೋಗಿಗಳು ಬೇಕೆಂದೇ ಮುಚ್ಚಿಡುವ ಸಂಗತಿಗಳೂ ಇವೆ. ಕೀಮೋದಿಂದ ಬೆರಳು ಜೋಮು ಹಿಡಿದಿದೆ ಅಂದರೆ ಔಷಧಿಯ ಪ್ರಮಾಣ ಇಳಿಸಿಬಿಡುತ್ತಾರೇನೋ, ಆಮೇಲೆ ಕ್ಯಾನ್ಸರ್ ಹೆಚ್ಚಾದರೆ ಏನು ಗತಿ ಅನ್ನುವ ಹೆದರಿಕೆ ಅವರಿಗೆ. ಹೇಳಿಸಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಗಟ್ಟಿ ಸಾಕ್ಷಿಯಿದೆ. ನ್ಯೂಯಾರ್ಕಿನ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಈಥನ್ ಬ್ಯಾಶ್ ಮತ್ತು ಸಂಗಡಿಗರು, ಕ್ಯಾನ್ಸರ್ ದೇಹದಲ್ಲಿ ಹರಡಿದ್ದ 766 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದು ಗುಂಪಿನವರು ತಮ್ಮ ತೊಂದರೆಗಳನ್ನು ಕಂಪ್ಯೂಟರಿನಲ್ಲಿ ಆಗಾಗ ತಿಳಿಸುತ್ತಿದ್ದರು. ತೊಂದರೆ ಜೋರಾದರೆ ನರ್ಸಿಗೆ ಇಮೇಲ್ ಹೋಗುತ್ತಿತ್ತು, ನರ್ಸ್ ಮುಂದಿನದನ್ನು ನೋಡಿಕೊಳ್ಳುತ್ತಿದ್ದರು. 2017ರಲ್ಲಿ ಬಂದ ಫಲಿತಾಂಶದಲ್ಲಿ ಮೊದಲ ಗುಂಪಿನ ಬದುಕುಳಿದ ಅವಧಿಯ ಮಧ್ಯಬಿಂದು (ಅಂದರೆ ಗುಂಪಿನ ಅರ್ಧದಷ್ಟು ಜನ ಬದುಕಿದ್ದ ಕಾಲ) 26 ತಿಂಗಳು, ಎರಡನೆಯದರದು 31.2 ತಿಂಗಳು. ಐದು ತಿಂಗಳಿಗೂ ಜಾಸ್ತಿ! ಹೊಸ ಔಷಧಿಯೊಂದು ಇಷ್ಟು ಮಾಡಿದ್ದರೆ ದೊಡ್ಡ ಸುದ್ದಿಯಾಗುತ್ತಿತ್ತು.

ಹಾಗಾದರೆ ಧೈರ್ಯಕ್ಕೆ ಬೆಲೆಯೇ ಇಲ್ಲವೇ? ಧೈರ್ಯವಿದ್ದರೆ ದಿನಗಳು ಹಗುರವಾಗಬಹುದು. ಆದರೆ ಗಟ್ಟಿ ಮನಸ್ಸಿನವರು ಕ್ಯಾನ್ಸರ್ ಗೆಲ್ಲುತ್ತಾರೆ ಅನ್ನುವುದಕ್ಕೆ ಆಧಾರ ಕಡಿಮೆ. ಜೇಮ್ಸ್ ಕಾಯ್ನ್ ಮತ್ತು ಸಂಗಡಿಗರು ತಲೆ-ಕತ್ತಿನ ಕ್ಯಾನ್ಸರ್ ಇದ್ದ 1,093 ಜನರ ಮಾಹಿತಿ ನೋಡಿದಾಗ, ಮನಸ್ಸಿನ ಸ್ಥಿತಿಗೂ ಎಷ್ಟು ಕಾಲ ಬದುಕಿದರು ಅನ್ನುವುದಕ್ಕೂ ಸಂಬಂಧ ಕಾಣಲಿಲ್ಲ. ಅದು ಪ್ರಕಟವಾದದ್ದು 2007ರಲ್ಲಿ. ಇದು ನಿರಾಶೆಯ ಸುದ್ದಿಯಲ್ಲ. ಅತ್ತರೆ ರೋಗ ಜಾಸ್ತಿಯಾಗುತ್ತೆ ಅಂತ ಹೆದರಿ ಅಳು ನುಂಗುವವರಿಗೆ ಇದನ್ನು ಹೇಳಬೇಕು.

ಮತ್ತೆ "ಉಪಯೋಗ ಇದೆಯಾ ಸಿಸ್ಟರ್?" ಅನ್ನುವ ಆ ಪ್ರಶ್ನೆಗೆ ಏನು ಹೇಳುವುದು? ರೋಗ ಎಷ್ಟು ಹರಡಿದೆ, ಮುಂದೇನು ಅನ್ನುವುದನ್ನು ವಿವರಿಸುವುದು ಡಾಕ್ಟರ್ ಕೆಲಸ. ನರ್ಸ್ ಅದನ್ನು ಹೇಳಬೇಕಿಲ್ಲ. "ಇವತ್ತು ಯಾಕೆ ಹಾಗನ್ನಿಸ್ತು?" ಅಂತ ಕೇಳಬಹುದು. "ತುಂಬ ಸುಸ್ತಾಗಿದೀರಿ ಅನ್ಸುತ್ತೆ" ಅನ್ನಬಹುದು. ಅಷ್ಟು ಹೇಳಿ ಕಾಯಬೇಕು, ಕಷ್ಟವಿರುವುದು ಆ ಕಾಯುವುದರಲ್ಲೇ. ಬರುವ ಉತ್ತರ ಊಹಿಸಿದ್ದೇ ಆಗಿರಬೇಕಿಲ್ಲ. ಸಾವಿನ ಬಗ್ಗೆ ಕೇಳಿದ ಹಾಗಿದ್ದರೂ "ಬಾಯಿ ಹುಣ್ಣಿನಿಂದ ಮೂರು ದಿನದಿಂದ ಏನೂ ತಿಂದಿಲ್ಲ" ಅನ್ನುವ ಮಾತು ಬರಬಹುದು. ಅದಕ್ಕೆ ಮದ್ದಿದೆ.

ಮನೆಯವರು "ಅವರಿಗೆ ಕ್ಯಾನ್ಸರ್ ಅಂತ ಹೇಳಬೇಡಿ" ಅಂದಾಗ ಇದೆಲ್ಲ ಇನ್ನೂ ಕಗ್ಗಂಟು. ಅಮೆರಿಕದ ಸಮಾಜವಿಜ್ಞಾನಿಗಳಾದ ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ 1965ರಲ್ಲೇ ಇದನ್ನು ಗುರುತಿಸಿದ್ದರು. ರೋಗಿಗೂ ಗೊತ್ತು, ಸುತ್ತಲಿನವರಿಗೂ ಗೊತ್ತು, ಆದರೂ ಎಲ್ಲರೂ ಗೊತ್ತಿಲ್ಲದವರ ಹಾಗೆ ನಟಿಸುತ್ತಾರೆ. ಆ ನಾಟಕದಲ್ಲಿ ಜಾಸ್ತಿ ಹೊತ್ತು ಪಾತ್ರ ಮಾಡಬೇಕಾದವರೂ ನರ್ಸೇ.

ಹೀಗೆ ಮಾತಾಡುವುದನ್ನು ಕಲಿಸಬಹುದೇ? ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿನೋಡುವ ಕೊಕ್ರೇನ್ ಸಂಸ್ಥೆಗಾಗಿ ನಡೆದ ಪರಿಶೀಲನೆಯ ಪ್ರಕಾರ, ತರಬೇತಿ ಪಡೆದವರು ಮುಕ್ತವಾದ ಪ್ರಶ್ನೆಗಳನ್ನು ಜಾಸ್ತಿ ಕೇಳುತ್ತಾರೆ, ರೋಗಿಯ ಭಾವನೆಗೆ ಹೆಚ್ಚು ಸ್ಪಂದಿಸುತ್ತಾರೆ. ಆದರೆ ಅದರಿಂದ ರೋಗಿಗಳ ಆತಂಕ ಇಳಿಯುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಕಲಿತು ಬಂದ ನರ್ಸ್ ಮರಳುವುದು ಅದೇ ವಾರ್ಡಿಗೆ, ಅದೇ ಹಿರಿಯ ಸಿಸ್ಟರ್ ಕೈಕೆಳಗೆ. ಒಂದು ಕಡೆ ಡ್ರಿಪ್ ಮುಗಿದ ಪಂಪ್ ಕೂಗುತ್ತಿದ್ದರೆ, ಇನ್ನೊಂದು ಕಡೆ ಮುಂದಿನ ರೋಗಿ ಕಾಯುತ್ತಿರುತ್ತಾರೆ. ಉತ್ತರ ಕೇಳಲು ಎರಡು ನಿಮಿಷವೂ ಇಲ್ಲದವರು ಪ್ರಶ್ನೆಯನ್ನಾದರೂ ಯಾಕೆ ಕೇಳಿಯಾರು?